ಸದ್ದಿನ ಮೂಲ

ಮೊದಲು ಕೇಳಿಸಿದ್ದು ಕ್ಯಾಪ್ಟನ್ ಪೂವಯ್ಯನವರಿಗೆ,
ವರುಣಾ ಕೆರೆಯ ಮೇಲೆ ಎಡಕ್ಕೆ ವಾಲುವಾಗ:
ಟವರಿನ ಹುಡುಗಿಯ ಮಾತಿನೊಳಗೆ ಯಾರೋ
ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ.
‘ಟೂ ಸೆವೆನ್’ ಅಂದದ್ದು
‘ಟೂ ಚಟ ಚಟ ವೆನ್’.
ಮಂಡಕಳ್ಳಿಗೆ ಇಳಿದು ಬಂದು ನಕ್ಕರು,
ಲಾಗ್ ಪುಸ್ತಕದಲ್ಲಿ ಮಾತ್ರ ನಗದೆ ಬರೆದರು:
‘ರೇಡಿಯೊದಲ್ಲಿ ಗಲಾಟೆ. ನೋಡಿ.’

ನೋಡುವುದು ಹೇಗೆ ಅದನ್ನು?
ಋಷಿಮೂಲ, ನದಿಮೂಲ ಕೇಳಬಾರದಂತೆ.
ಸದ್ದಿನ ಮೂಲ ಕೇಳದಿದ್ದರೆ
ನನಗೆ ಸಂಬಳವಿಲ್ಲ.

ಚಕ್ರಕ್ಕೆ ಅಡೆ ಕೊಟ್ಟು ಎಂಜಿನ್ ಎಬ್ಬಿಸಿದೆ.
ವೇಗ ಏರಿಸಿದರೆ ಏರುತ್ತದೆ, ಇಳಿಸಿದರೆ ಇಳಿಯುತ್ತದೆ,
ಹಿಟ್ಟಿನ ಗಿರಣಿಯ ಹಿಂದೆ ಹೋಗುವ ಕೋಳಿಯಂತೆ
ಬಿಟ್ಟು ಹೋಗುವುದಿಲ್ಲ.
ಆಲ್ಟರ್ನೇಟರ್ ಆರಿಸಿದೆ. ಅದರದು ಸೊಳ್ಳೆಯ ರಾಗ,
ಇದು ಅದಲ್ಲ. ಚಟ ಚಟ.
ರೆಕ್ಕೆಯ ತುದಿಯ ಮಿಣುಕು ದೀಪ ಆರಿಸಿದೆ. ಚಟ ಚಟ.
ಹೆಡ್‌ಸೆಟ್ ಬದಲಿಸಿ, ಆಂಟೆನಾ ಬುಡ ಉಜ್ಜಿ,
ಪ್ಲಗ್ಗು ಎಂಟನ್ನೂ ಬಿಚ್ಚಿ ಒರೆಸಿ
ಮೂರು ದಿನ
ಸಿಕ್ಕವರೆಲ್ಲ ನಿರಪರಾಧಿಗಳು.

ನಾಲ್ಕನೆಯ ದಿನ ಲೂರ್ದುಸ್ವಾಮಿಯವರನ್ನು ಕರೆದೆ.
ಯಾದವಗಿರಿಯ ಜಾವಾ ಕಾರ್ಖಾನೆಯಲ್ಲಿ
ಇಪ್ಪತ್ತೆರಡು ವರ್ಷ ಕಿಡಿ ಪರೀಕ್ಷಿಸಿದವರು.
ಗೇಟಿನವನು ಪಾಸು ಬರೆಯುತ್ತಾ ‘ಬಂದ ಉದ್ದೇಶ?’ ಅಂದ.
‘ಗಲಾಟೆ’ ಅಂದರು.
ಅದಕ್ಕೇ ಅರ್ಧ ಗಂಟೆ ಹೋಯಿತು.

‘ಆಗೆಲ್ಲ ನಮ್ಮ ಗಾಡಿ ಬೀದಿಗೆ ಬಂದರೆ ಸಾಕು,
ಮನೆಮನೆ ಟೀವಿಯಲ್ಲಿ ಬಿಳಿ ಗೆರೆ ಬೀಳೋದು.
ಭಾನುವಾರ ಸಂಜೆ ಸಿನಿಮಾ ಟೈಮು,
ಹೀರೋ ಮುಖ ನಾನೇ ಸೀಳಿಬಿಡ್ತಿದ್ದೆ.
ಕೊನೆ ಎರಡು ಬೀದಿ ಆಫ್ ಮಾಡಿ
ತಳ್ಕೊಂಡು ಹೋಗ್ತಿದ್ದೆ ಕಣಮ್ಮ.’

ಜೇಬಿನಿಂದ ಒಂದು ಟ್ರಾನ್ಸಿಸ್ಟರ್ ತೆಗೆದರು.
ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ ಊರಿನಲ್ಲಿ
ಯಾರೂ ಮಾತಾಡದ ಜಾಗಕ್ಕೆ ಮುಳ್ಳು ತಿರುಗಿಸಿ,
ಎಪ್ಪತ್ತರ ಮೈಯನ್ನು ಮಡಚಿ
ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದರು.
ಕಿವಿಗೆ ಹಿಡಿಯಲಿಲ್ಲ ಅದನ್ನು. ಅಂಗೈಯಲ್ಲಿ,
ಸೀಬೆಹಣ್ಣು ಮಾಗಿದೆಯೆ ಎಂದು ನೋಡುವವರಂತೆ.

‘ಕೀಲಿ ಎಡಕ್ಕೆ.’
ಶುಭ್ರ. ಬರೀ ಎಂಜಿನ್ನಿನ ಉಸಿರು.
‘ಬಲಕ್ಕೆ.’
ಸಾಸಿವೆ.
‘ಬಲದ ಮ್ಯಾಗ್ನೆಟೊ. ಈ ವೈರು. ನಿಲ್ಲಿಸು.’

ಪಂಖ ಪೂರ್ತಿ ನಿಂತು, ಎಂಜಿನ್ ಆರಿದ ಮೇಲೆ
ಮುಚ್ಚಳ ತೆಗೆದು ಆ ವೈರಿನ ಹಿಂದೆಯೇ ಬೆರಳು ನಡೆಸಿದೆ.
ಮ್ಯಾಗ್ನೆಟೊ ಬುಡದಲ್ಲಿ,
ಟಾರ್ಚಿಗೂ ಸಿಗದ ಮೂಲೆಯಲ್ಲಿ,
ವೈರಿಗೆ ಹೊದಿಸಿದ ತಾಮ್ರದ ಜಾಲರಿ
ಹರಿದ ಪಂಚೆಯ ಅಂಚಿನಂತೆ ಬಿಚ್ಚಿಕೊಂಡು
ಎರಡೇ ಎಳೆಯಲ್ಲಿ ಜೋತಿತ್ತು.

‘ಅರ್ತ್ ಬಿಟ್ಟಿದೆ’ ಅಂದರು.
ನನಗೆ ‘ಅರ್ಥ ಬಿಟ್ಟಿದೆ’ ಅಂತ ಕೇಳಿಸಿತು.
ತಪ್ಪೇನಿಲ್ಲ.
ನೆಲ ಬಿಟ್ಟು ಐದು ಸಾವಿರ ಅಡಿ ಏರಿದ್ದಕ್ಕೂ
ನೆಲ ಅಂತ ಕರೆದುಕೊಳ್ಳಲು
ಒಂದು ಬೋಲ್ಟು ಬೇಕು.

ಹೊಸ ಜಾಲರಿ, ಹೊಸ ಲಗ್ಗು, ಬಿಗಿದ ನಟ್ಟು.
ಮತ್ತೆ ಎಂಜಿನ್ ಎಬ್ಬಿಸಿ ಕೀಲಿ ಬಲಕ್ಕೆ ತಿರುಗಿಸಿದೆ:
ಟವರಿನ ಹುಡುಗಿ ಆಕಳಿಸಿದ್ದೂ ಕೇಳಿಸಿತು.

‘ನಿಂತಿತಾ?’ ಅಂದರು ಲೂರ್ದುಸ್ವಾಮಿ.
ನಾನು ತಮಾಷೆ ಅಂದುಕೊಂಡೆ.
‘ಇಲ್ಲಮ್ಮ, ಸಣ್ಣ ಸದ್ದು ನನ್ನ ಕಿವಿಗೆ ಬಂದು ಬಹಳ ವರ್ಷ.
ಟೆಸ್ಟ್ ಬೆಂಚಿನ ಪಕ್ಕ ನಿಂತವರಿಗೆಲ್ಲ ಹಾಗೇ.
ಸ್ಪೀಕರು ನಡುಗೋದು ಬೆರಳಿಗೆ ಗೊತ್ತಾಗುತ್ತೆ.’

ದುಡ್ಡು ಬೇಡ ಅಂದರು. ಕಾಫಿ ಕುಡಿದರು, ಸಕ್ಕರೆ ಜಾಸ್ತಿ.
ಹೋಗುವಾಗ ಟ್ರಾನ್ಸಿಸ್ಟರ್ ರೆಕ್ಕೆಯ ಮೇಲೇ ಮರೆತರು.

ಕೂಗಿದರೆ ಅವರಿಗೆ ಕೇಳಿಸಬೇಕಲ್ಲ.
ಹ್ಯಾಂಗರಿನ ಪಕ್ಕ ಯೆಜ್ಡಿಗೆ ಒದ್ದದ್ದು ಮೊದಲು
ರೆಕ್ಕೆಯ ಮೇಲಿನ ಖಾಲಿ ಸ್ಟೇಷನ್ನಿಗೆ ಬಂತು:
ಚಟ. ಚಟ ಚಟ.
ಗೇಟಿನಲ್ಲಿ ಪಾಸು ವಾಪಸು ಕೊಡುವಷ್ಟು ಹೊತ್ತು ಬಿಡುವು,
ಮತ್ತೆ ಚಟ ಚಟ, ನಂಜನಗೂಡು ರಸ್ತೆಯ ಕಡೆಗೆ
ತೆಳುವಾಗುತ್ತಾ.

ನಾಲ್ಕು ದಿನ ಸದ್ದು ಅಡಗಿಸಲು ಹೆಣಗಿದವಳು
ವಾಲ್ಯೂಮು ಪೂರ್ತಿ ಕೊಟ್ಟು
ಬಗ್ಗಿ ನಿಂತೆ.