ಏಳನೇ ಕಂಪ್ಯೂಟರು

ಹೊಸನಗರದ ಶಾಲೆಯ ಏಳನೇ ಕಂಪ್ಯೂಟರು
ಪ್ರಿಂಟರು ಯಾರೆಂದೇ ಗೊತ್ತಿಲ್ಲ ಅನ್ನುತ್ತದೆ.
ಡ್ರೈವರ್ ಹಾಕಿದೆ. ಅದಕ್ಕೊಂದು ಲೈಬ್ರರಿ ಬೇಕಂತೆ,
ಆ ಲೈಬ್ರರಿಗೆ ಇನ್ನೊಂದು, ಅದೂ ಹಳೆಯದೇ ಆಗಬೇಕು,
ಹೊಸದಾದರೆ ಮುನಿಸು.

ಸಾಸಿವೆ ಕೇಳಲು ಹೋದರೆ
ಡಬ್ಬಿ ನಾದಿನಿ ಮನೆಯಲ್ಲಿದೆ ಅಂದ ಹಾಗೆ.

ಬಾಗಿಲಲ್ಲಿ ಫಿಲೋಮಿನಾ ಟೀಚರ್:
"ನಾಳೆ ಪರೀಕ್ಷೆ, ಮಾರಾಯ."
ಮೊಬೈಲನ್ನು ಕಿಟಕಿಯ ಸರಳಿಗೆ ಕಟ್ಟಿದೆ,
ಎರಡು ಗೀಟು ಸಿಗ್ನಲ್ ಬರುವುದು ಅಲ್ಲಿಗೇ.
ಎರಡು ಸಲ ಕರೆಂಟು ಹೋಯಿತು, ಎರಡು ಸಲವೂ
ಮೊದಲಿಂದ ಶುರು.

ಕೊನೆಗೆ ಸಿಕ್ಕಿದ್ದು
ಹದಿನಾಲ್ಕು ಕೆಬಿಯ ಒಂದು ತುಣುಕು.
ಬರೆದವರ ಹೆಸರು ನನಗೆ ಓದಲು ಬಾರದ ಲಿಪಿಯಲ್ಲಿ;
ಪಕ್ಕದಲ್ಲೊಂದು ಇಸವಿ. ನಾನಾಗ ಮೂರನೇ ಕ್ಲಾಸು.

ಪ್ರಿಂಟರು ಕೆಮ್ಮಿತು.
ಮೊದಲ ಹಾಳೆಯ ಉದ್ದಕ್ಕೂ ಕಪ್ಪು ಗೆರೆ.
ಎರಡನೆಯದರಲ್ಲಿ ಪ್ರಶ್ನೆ ಒಂದು:
ಬಿಟ್ಟ ಸ್ಥಳ ತುಂಬಿರಿ.