ಬಿಳಿ ಯಾವುದು

ಝುವಾರಿನಗರದ ಏರಿನಲ್ಲಿ, ಕೋಳಿ ಅಂಗಡಿಯ ಮಗ್ಗುಲಿಗೆ
ಹತ್ತಡಿ ಅಗಲದ ಸ್ಟುಡಿಯೋ ನನ್ನದು.
ಜೂನ್ ಬಂತೆಂದರೆ ಗಿರಾಕಿಗಳೆಲ್ಲ ನೀಲಿ.
ಕೊಪ್ಪಳದವರು, ಬಾದಾಮಿಯವರು, ಹಡಗು ಕಟ್ಟುವ ಯಾರ್ಡಿನ ಒಡಿಯಾ ಹುಡುಗರು,
ಬ್ಯಾಂಕಿಗೆ, ಲೇಬರ್ ಕಾರ್ಡಿಗೆಂದು ಬಂದು ಕೂತವರು
ಪ್ರಿಂಟಿನಲ್ಲಿ ಈಗಷ್ಟೇ ಸಮುದ್ರದಿಂದ ಎತ್ತಿ ತಂದವರಂತೆ.

ಮೊದಲ ವರ್ಷ ಕ್ಯಾಮೆರಾವನ್ನೇ ಬೈದೆ.
ಲೆನ್ಸ್ ಒರೆಸಿದೆ, ಕಾರ್ಡ್ ಬದಲಿಸಿದೆ,
ವಾಸ್ಕೋಗೆ ಹೋಗಿ ಹೊಸ ಟ್ಯೂಬ್‌ಲೈಟು ತಂದೆ,
ನೀಲಿಗೆ ಹಸಿರೂ ಜೊತೆಯಾಯ್ತು.
ಪ್ರಿಂಟರಿನ ಮೂತಿ ತೊಳೆದೆ. ಇಂಕೆಲ್ಲ ಅಂಗೈಗೆ.
ಕೊನೆಗೊಂದು ಮಧ್ಯಾಹ್ನ ಗಾಳಿ ಬೀಸಿ
ಬಾಗಿಲಿಗೆ ಕಟ್ಟಿದ್ದ ತಾಡಪತ್ರಿ ಹಾರಿದಾಗ
ಕುರ್ಚಿಯಲ್ಲಿದ್ದ ಹುಡುಗ ಒಮ್ಮೆಲೇ ಕಂದುಬಣ್ಣಕ್ಕೆ ತಿರುಗಿದ.
ಬೆಳಕನ್ನು ಸೋಸಿ ಒಳಗೆ ಬಿಡುತ್ತಿತ್ತು ಆ ಪ್ಲಾಸ್ಟಿಕ್ಕು.
ಕಣ್ಣು ಮನ್ನಿಸಿಬಿಡುತ್ತದೆ ಇಂಥದ್ದನ್ನು.
ಕ್ಯಾಮೆರಾಕ್ಕೆ ಆ ದಾಕ್ಷಿಣ್ಯವಿಲ್ಲ.

ಅಂದಿನಿಂದ ಒಂದು ರೂಢಿ:
ಬಣ್ಣ ಕೆಟ್ಟರೆ, ಚಿತ್ರದೊಳಗೆ ಬಿಳಿ ಯಾವುದೆಂದು ಹುಡುಕುವುದು.
ಕಣ್ಣಿಗೆ ಔಷಧ ಬಿಡುವಂಥ ಪುಟ್ಟ ಡ್ರಾಪರ್ ಇದೆ ಕಂಪ್ಯೂಟರಿನಲ್ಲಿ,
ಅದನ್ನು ಅಲ್ಲಿಗೆ ಮುಟ್ಟಿಸಿ 'ಇದು ಬಿಳಿ' ಎಂದು ಹೇಳಿಕೊಟ್ಟರೆ ಸಾಕು,
ಮಿಕ್ಕ ಬಣ್ಣಗಳು ತಲೆತಗ್ಗಿಸಿ ತಂತಮ್ಮ ಜಾಗಕ್ಕೆ ಹೋಗುತ್ತವೆ.
ಅಂಗಿಯ ಕಾಲರು ನಂಬಬೇಡಿ, ನೀಲಿ ಹಾಕಿ ಒಗೆದಿರುತ್ತಾರೆ.
ಹಲ್ಲು ಬೇಡ, ಗುಟ್ಕಾ.
ನಾನು ನಂಬುತ್ತಿದ್ದುದು ಕಣ್ಣಿನ ಬಿಳಿಯನ್ನು.

ಶ್ರಾವಣದ ಸೋಮವಾರ ಶಾವಂತ್ರವ್ವ ಬಂದಳು, ಗಂಡ ಗೂಳಪ್ಪನ ಜೊತೆ.
ಜೋಡಿ ಫೋಟೋ, ಮನೆಯ ಅರ್ಜಿಗೆ.
ಸೀರೆ ನೆರೆಯವಳದು, ಸಂಜೆಯೊಳಗೆ ಮರಳಿಸಬೇಕು.
ಮಳೆ ಬಿಟ್ಟಿತ್ತು, ತಾಡಪತ್ರಿ ಸುತ್ತಿಟ್ಟಿದ್ದೆ,
ಆದರೂ ತೆರೆಯ ಮೇಲೆ ಅವಳ ಮುಖಕ್ಕೆ ಯಾರೋ ಅರಿಸಿನ ಸವರಿದ ಹಾಗೆ.
ಮತ್ತೆ ಟ್ಯೂಬು, ಎಂದುಕೊಂಡೆ.
ಅವಳ ಕಣ್ಣಿಗೆ ಡ್ರಾಪರ್ ಮುಟ್ಟಿಸಿದೆ.
ಅವಳು ತಿಳಿಯಾದಳು.
ಪಕ್ಕದಲ್ಲಿ ಗೂಳಪ್ಪ ಹಾವು ಕಚ್ಚಿದವನಂತೆ ನೀಲಿಗಟ್ಟಿದ,
ಹಿಂದಿನ ಗೋಡೆ ನೀಲಿ, ಅವನ ಟೊಪ್ಪಿಗೆಯೂ.
ರದ್ದು ಮಾಡಿ ಮತ್ತೆ. ಎಡಗಣ್ಣು. ಬಲಗಣ್ಣು.
"ಮಶೀನ್ ಕೆಟ್ಟೈತೇನ್ರೀ?"
"ಹೂಂ, ಸ್ವಲ್ಪ ತಡೀರಿ."

ಆಗ ಅವನ ಹಣೆ ಕಂಡಿತು.
ಮೂರು ಬೆರಳಿನ ವಿಭೂತಿ, ಬೆಳಗಿನದು,
ಬೆವರಿಗೆ ಕೊಂಚ ಅಳಿಸಿದ್ದು.
ಬೂದಿಗೆ ಯಾವ ಬಣ್ಣದ ಹಂಗೂ ಇಲ್ಲ.
ನಡುಗೆರೆಗೆ ಮುಟ್ಟಿಸಿದೆ.
ಗೋಡೆ ಗೋಡೆಯಾಯಿತು, ಗೂಳಪ್ಪ ಗೂಳಪ್ಪನಾದ,
ಅವಳ ಕಣ್ಣು ಮಾತ್ರ
ಮಾಗಿದ ಗೇರುಹಣ್ಣಿನ ಹಳದಿ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ.
ಕಾಮಾಲೆಯನ್ನೇ ಬಿಳಿ ಎಂದು ನಂಬಿದವನಿಗೆ
ಊರೆಲ್ಲ ನೀಲಿ.

"ಹೊರಗ ಬರ್ರಿ ಅಕ್ಕಾ, ಮ್ಯಾಲೆ ನೋಡ್ರಿ."
ಮೆಟ್ಟಿಲ ಮೇಲೆ ಮೋಡದ ಬೆಳಕು. ಅದೇ ಹಳದಿ.
"ಊಟ ಸೇರತೈತೇನು?"
"ಹದಿನೈದು ದಿನ ಆತು, ಒಗ್ಗರಣಿ ವಾಸನಿ ಬಂದ್ರ ವಾಕರಿಕಿ.
ಓಣ್ಯಾಗ ಎಲ್ಲಾರೂ ಸಕ್ಕರಿ ಕೇಳಾಕತ್ಯಾರ."
ಹೇಳಿ ಸೆರಗು ಸರಿಮಾಡಿಕೊಂಡಳು.
ನಾನೇನು ಡಾಕ್ಟರನೇ? ನನಗೆ ಹೇಳಲು ಬಂದದ್ದು ಇಷ್ಟೇ:
"ಮಶೀನ್ ಸರಿ ಐತ್ರಿ."
ಗೂಳಪ್ಪ ನಕ್ಕ. ಅವಳು ನಗಲಿಲ್ಲ.
ಮುಂಗಡ ಮರಳಿಸಿದೆ, ಚಿಖಲಿ ಆಸ್ಪತ್ರೆಯ ರಿಕ್ಷಾಕ್ಕೆಂದು.

ಅನಂತನ ಹುಣ್ಣಿಮೆ ಕಳೆದು ಮತ್ತೆ ಬಂದರು.
ಈ ಸಲ ಬೇರೆ ಯಾರದೋ ಸೀರೆ.
ಮೊಣಕೈ ಒಳಬದಿಗೆ ಸೂಜಿಯ ಗುರುತು, ಕೆನ್ನೆ ಇಳಿದಿತ್ತು.
ಮಳೆ ಹೊಯ್ಯುತ್ತಿತ್ತು, ತಾಡಪತ್ರಿ ಇಳಿಬಿಟ್ಟಿದ್ದೆ,
ತೆರೆಯ ಮೇಲೆ ಇಬ್ಬರೂ ನೀಲಿ.
"ಇರ್ಲಿ ಬಿಡ್ರಿ," ಅಂದಳು, "ಅದು ಮಳಿದು."
ಗೂಳಪ್ಪನ ಹಣೆ ಹುಡುಕಿದೆ, ತೊಳೆದುಹೋಗಿತ್ತು.
ಡ್ರಾಪರನ್ನು ಅವಳ ಕಣ್ಣಿನವರೆಗೆ ಒಯ್ದೆ.
ಮುಟ್ಟಿಸಲಿಲ್ಲ.
ಎದ್ದು ಹೋಗಿ ತಾಡಪತ್ರಿ ಎತ್ತಿ ಹಿಡಿದು
ಬಾಗಿಲಿಗೆ ಕರೆದೆ ಅವಳನ್ನು.
ಮಳೆ ಒಳಗೆ ಬಂತು.
ಜೋಳದ ಅರಳಿನಂಥ ಬಿಳಿ, ಎರಡೂ ಕಡೆ.