ಆರು ಬೈ ನಾಲ್ಕು

ಬೆಂಗೇರಿಯೊಳಗ ನಾ ಬಾವುಟ ಹೊಲಿಯಾಕಿ,
ಹದಿನೆಂಟು ವರ್ಷ ಆತು.
ಇಪ್ಪತ್ತೊಂದು ಬೈ ಹದಿನಾಲ್ಕು ಕ್ವಾಟಿ ಮ್ಯಾಲ ಹಾರೂದು,
ಅಂಗೈಯಷ್ಟಂದು ಸಾಹೇಬರ ಟೇಬಲ್ ಮ್ಯಾಲ.
ಆರು ಬೈ ನಾಲ್ಕು ಫೂಟಿಂದು
ಯಾರ ಮ್ಯಾಲ ಹಾಸತಾರ ಅಂತ ಯಾರೂ ಬಾಯಿಬಿಟ್ಟು ಅನ್ನೂದಿಲ್ಲ.
ಅದನ್ನ ಹೊಲಿವಾಗ ರಾಜಮಾ ರೇಡಿಯೋ ಸಣ್ಣ ಮಾಡತಾಳ.

ತಮ್ಮ ಯಮನೂರಪ್ಪ ಹದಿನೇಳು ವರ್ಷ ಮಿಲಿಟ್ರಿಯಾಗ ಇದ್ದಾಂವ.
ಅವಾಗ ಪ್ರತಿ ಆರು ಬೈ ನಾಲ್ಕಕ್ಕೂ
ಮಿಷನ್ನಿನ ಗಾಲಿ ಒಮ್ಮೆ ತಡೀತಿತ್ತು ನನ್ನ ಕೈಯಾಗ.
ಇದಲ್ಲ, ಇದಲ್ಲ ಅಂತ ಅಂದು
ಮುಂದಿನ ಹೊಲಿಗಿಗೆ ಹೋಗತಿದ್ದೆ.
ರಿಟೈರ್ ಆಗಿ ಬಂದ,
ಕ್ಯಾಂಟೀನಿನ ಪ್ರೆಶರ್ ಕುಕ್ಕರ್ ತಂದ.

ಗೋಕುಲ ರೋಡಿನ ಶೋರೂಮ್ ಬಾಗಲಕ್ಕ ನಿಂತ.
ಮೀಸಿ ಬರದ ಹುಡುಗೊಬ್ಬ "ಏ ಸೆಕ್ಯುರಿಟಿ" ಅಂದು
ಕಾರಿನ ಕೀಲಿ ಒಗದನಂತ.
ಆ ರಾತ್ರಿ ರೊಟ್ಟಿ ಮುರೀಲಿಲ್ಲ.

ಕೊಪ್ಪಿಕರ ರೋಡಿನಾಗ ಖಾನಾವಳಿ ಮ್ಯಾಲ ಒಂದು ಆಫೀಸು,
ಇಟಗಿ ಅನ್ನೂ ಏಜೆಂಟ, ಅವನೂ ಮಾಜಿ ಸುಬೇದಾರ.
ಮೂವತ್ತೊಂದು ಹಾಳಿ ಕರಾರು.
ಸೈನಿಕ ಅನ್ನೂ ಮಾತು ಅದರಾಗ ಇಲ್ಲ, ಯುದ್ಧ ಅಂತೂ ಇಲ್ಲೇ ಇಲ್ಲ.
ಹುದ್ದಿ: ಭದ್ರತಾ ಸಲಹೆಗಾರ.
ಜಾಗಾ: ಸೈಟ್ ನಾಲ್ಕು.
ನಾ ನಕ್ಕೆ. ಸಂತ್ಯಾಗ ಬದ್ನಿಕಾಯಿ ಆರಿಸಾಕೂ
ಸಲಹಾ ಕೊಡದ ಮನಷ್ಯಾ!
ಗೋರಾ ಮಂದಿಗೆ ದಿನಕ್ಕ ಎಷ್ಟೋ
ಇವಗ ತಿಂಗಳಿಗೆ ಅಷ್ಟು.
"ಗುಂಡಿಗೇನು ಪಾಸ್‌ಪೋರ್ಟ್ ತೋರಿಸಬೇಕಾಗತೈತಿ?" ಅಂದ, ನಗಲಿಲ್ಲ.

ಫೋನಿನಾಗ ಒಮ್ಮೆ,
"ಅಕ್ಕಾ, ಒಂದು ಕಾರು ನಿಲ್ಲಲಿಲ್ಲ."
ಮತ್ತ?
"ನಿಲ್ಲಲಿಲ್ಲ, ಅಷ್ಟ."
ಹಿಂದ ಜನರೇಟರ್ ಸಪ್ಪಳ.
ಒಳಗ ಯಾರಿದ್ರು ಅಂತ ನಾ ಕೇಳಲಿಲ್ಲ.
ಆ ವಾರ ಚಕ್ರದ ಗೆರಿ ಎಣಿಸಿದಾಗೆಲ್ಲಾ
ನನಗ ಇಪ್ಪತ್ತಮೂರೇ ಬರತಿದ್ದವು.

ಮುಂದಿನ ತಿಂಗಳು ಕಂಪನಿ ಹೆಸರು ಬದಲಿ ಆತು.
ಹಳೇ ಕಂಪನಿ ಮ್ಯಾಲ ಕೇಸಂತ,
ಹಳೇ ಕಂಪನಿ ಅನ್ನೂದೇ ಈಗ ಇಲ್ಲಂತ.
ಆ ದೇಶದ ಕಾಯ್ದೆ ಇವರಿಗೆ ಹತ್ತೂದಿಲ್ಲ,
ನಮ್ಮ ಕಾಯ್ದೆ ಅಲ್ಲೀತನಕ ಮುಟ್ಟೂದಿಲ್ಲ.
ಅದೇ ಬಂದೂಕು, ಅದೇ ಚೆಕ್‌ಪೋಸ್ಟು,
ಅಂಗಿ ಮ್ಯಾಲಿನ ಪಟ್ಟಿ ಅಷ್ಟ ಹೊಸಾದು.
ಫೋಟೋದಾಗ ನೋಡೇನಿ ಆ ಪಟ್ಟಿ:
ಅಂಚು ಮಡಚಿಲ್ಲ, ನಾಕು ಸಲ ಒಗದ್ರ ಬಿಚ್ಚತೈತಿ.

ಗೋವಾ ಏರ್‌ಪೋರ್ಟಿನಿಂದ ಬಂತು ಪೆಟ್ಟಿಗಿ.
ಕಾರ್ಗೋ ರಸೀದಿಯೊಳಗ ನೂರಾ ಹನ್ನೆರಡು ಕೇಜಿ.
ನೀಲಿ ಪ್ಲಾಸ್ಟಿಕ್ ಸುತ್ತಿ
ಈ ಬಾಜೂ ಮ್ಯಾಲ ಅಂತ ಬಾಣ ಹೊಡದಿದ್ರು.
ಅವನ ಹೇಣ್ತಿ ಬಸಲಿಂಗವ್ವ ಬಾಣ ನೋಡಿ
ತಲಿ ಯಾವ ಕಡೆ ಅಂತ ಕೇಳಿದ್ಲು.
ಸರಕಾರದವರು ಯಾರೂ ಬರಲಿಲ್ಲ, ಬರೂ ಕಾರಣಿಲ್ಲ.
ಇಟಗಿ ಫೋನು ಬಂದ್.
ಅವನ ಜೋಡಿ ಇದ್ದ ಮಾಜಿ ಸೈನಿಕರು ನಾಕು ಮಂದಿ ಬಂದು
ಸೆಲ್ಯೂಟ್ ಹೊಡೀಬೇಕೋ ಬ್ಯಾಡೋ ತಿಳೀದ
ಅರ್ಧಕ್ಕ ಎತ್ತಿದ ಕೈಲೇ ಕೂದಲ ಸವರಿಕೊಂಡ್ರು.

ಅದೇ ವಾರ ತಪಾಸಣಿಯಾಗ
ಒಂದು ಆರು ಬೈ ನಾಲ್ಕು ಫೇಲ್ ಆಗಿತ್ತು.
ಚಕ್ರ ಒಂದೆಳಿ ಸರಿದಿತ್ತು.
ರಾಜಮಾ ನನ್ನ ಮಾರಿ ನೋಡಿ, ಏನೂ ಅನ್ನದ,
ಕಪಾಟಿನ ಕೀಲಿ ಮಿಷನ್ ಮ್ಯಾಲ ಇಟ್ಟು
ಚಾ ಕುಡಿಯಾಕ ಹೋದ್ಲು.

ಕೀಲಿ ಮುಟ್ಟಿದೆ.
ಆ ಕಾರಿನಾಗ ಇದ್ದವರ ಮ್ಯಾಲ
ಏನು ಹಾಸಿದ್ರೋ.
ಚಾದರಾ? ಸೀಟಿನ ಅರಿವಿ?
ಕೀಲಿ ಅಲ್ಲೇ ಬಿಟ್ಟೆ.

ಅವ್ವನ ಇಳಕಲ್ ಸೀರಿ ಹಾಸಿದಿವಿ.
ಸೆರಗಿನಾಗ ಒಂದು ತೂತಿತ್ತು. ಊರಿಗೆಲ್ಲಾ ಹೊಲಿಯಾಕಿ ನಾ,
ಅದನ್ನ ಹಂಗೇ ಬಿಟ್ಟಿದ್ದೆ.

ನಿನ್ನಿ ಟಪಾಲಿನಾಗ ಲಕೋಟಿ ಬಂತು,
ಮತ್ತೊಂದು ಹೊಸಾ ಹೆಸರಿನ ಕಂಪನಿಯಿಂದ.
ಯಮನೂರಪ್ಪಗ ಬರದಾರ.
ಸಲಹೆಗಾರರ ದೈಹಿಕ ಅರ್ಹತಾ ಸರ್ಟಿಫಿಕೇಟಿನ
ಅವಧಿ ಮುಗದೈತಂತ,
ಹದಿನೈದು ದಿನದಾಗ ಹೊಸಾದು ಕಳಸಬೇಕಂತ.